ಬಾಣಕ್ಕೊಂದು ಬಣ್ಣದ ಪಟ್ಟಿ

ರಾಮಲಕ್ಷ್ಮಣರ ಗುರುತನ್ನು ಹೊತ್ತ ಶರಗಳು ಲಂಕೆಯ ಮೇಲೆ ಬೀಳಲಿವೆಯೆಂದು ಅಶೋಕವನದ ಸೀತೆ ರಾವಣನನ್ನು ಎಚ್ಚರಿಸುವ ಪ್ರಸಂಗ ವಾಲ್ಮೀಕಿಯ ಸುಂದರಕಾಂಡದಲ್ಲಿದೆ. ತನ್ನನ್ನು ಬಿಟ್ಟವರಾರೆಂಬುದನ್ನು ಬಾಣವೇ ಸಾರಬೇಕೆಂಬ ಅಪೇಕ್ಷೆ ಅಷ್ಟು ಪುರಾತನವಾದುದು. ಬಿಲ್ಲುಗಾರನ ಹೆಸರೋ ಅದರ ಮೊದಲಕ್ಷರಗಳೋ ದಂಡದ ಮೇಲಿರತಕ್ಕದ್ದೆಂದು ಇಂದಿನ ಅಂತರರಾಷ್ಟ್ರೀಯ ಸ್ಪರ್ಧಾನಿಯಮವೂ ವಿಧಿಸುತ್ತದೆ. ಗರಿಗಳ ಸಮೀಪ ಬಣ್ಣದ ಪಟ್ಟಿಗಳನ್ನು ಸುತ್ತಿದ್ದರೆ, ಒಂದು ಸರದಿಯ ಬಾಣಗಳಲ್ಲೆಲ್ಲ ಅವು ಏಕರೂಪವಾಗಿರಬೇಕು. ಬರಿಗೈಯಿಂದ ಈ ಏಕರೂಪತೆ ಸಾಧ್ಯವಾಗುವುದು ದುರ್ಲಭ. ಕುಂಚವನ್ನು ಸ್ಥಿರವಾಗಿ ಹಿಡಿದು ಬಾಣವನ್ನೇ ತಿರುಗಿಸುವುದೊಂದೇ ಉಪಾಯ.

ಚನ್ನಪಟ್ಟಣದ ಕುಶಲಕರ್ಮಿಗಳಿಗೆ ಇದೇನೂ ಹೊಸ ತತ್ತ್ವವಲ್ಲ. ಹಾಲೆಮರದ ತುಂಡನ್ನು ಕಡೆಯುವ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತ, ಅದಕ್ಕೆ ಒತ್ತಿದ ಅರಗಿನ ಕಡ್ಡಿ ಘರ್ಷಣೆಯ ಶಾಖದಿಂದಲೇ ಕರಗಿ ಬಣ್ಣವಾಗಿ ಹರಡುವಂತೆ ಮಾಡಿ, ಕೇದಗೆಯ ಎಲೆಯಿಂದ ಉಜ್ಜಿ ಹೊಳಪೇರಿಸುವುದು ಅವರ ಕ್ರಮ. ಹಿಂದೆ ಆ ಯಂತ್ರವನ್ನು ತಿರುಗಿಸುತ್ತಿದ್ದುದಾದರೂ ಹಗ್ಗ ಬಿಗಿದ ಒಂದು ಬಿಲ್ಲೇ ಎಂಬುದು ನಮ್ಮ ಪ್ರಸ್ತುತಕ್ಕೆ ಸೊಗಸಾಗಿ ಒದಗಿಬಂದ ಸಂಗತಿ. ಆದರೆ ನೀಳವೂ ಕೃಶವೂ ಆದ ಬಾಣದ ದಂಡ ಅರಗಿನ ಕಡ್ಡಿಯ ಒತ್ತಡಕ್ಕೆ ಬಾಗುವುದರಿಂದ, ಇಲ್ಲಿ ಮೃದುವಾದ ಕುಂಚವೇ ಲೇಸು.

ಬಾಣವನ್ನು ಹೀಗೆ ತಿರುಗಿಸುವ ಯಂತ್ರವೊಂದನ್ನು ಮನೆಯಲ್ಲಿಯೇ ಕಟ್ಟಿಕೊಳ್ಳಲು ಹೈದರಾಬಾದಿನ ನಿವಾಸಿಗೆ ಸಾಮಗ್ರಿಯ ಅಭಾವವಿಲ್ಲ. ಕೋಠಿಯ ಗುಜರಾತಿ ಗಲ್ಲಿಯಲ್ಲಿಯೋ ಸಿಕಂದರಾಬಾದಿನ ರಾಣಿಗಂಜಿನಲ್ಲಿಯೋ ವಿಚಾರಿಸಿದರೆ 12 ವೋಲ್ಟಿನ ಗೇರ್ ಮೋಟಾರು ದೊರೆಯುವುದು. ಹೊಲಿಗೆಯಂತ್ರದ ಮೋಟಾರು ಮನೆಯಲ್ಲಿಯೇ ಇದೆಯಲ್ಲವೇ ಎಂದು ಕೆಲವರು ಕೇಳಬಹುದು. ಅದರ ಸಹಜ ವೇಗವೇ ಅದರ ದೋಷ. 8 ಮಿಲಿಮೀಟರ್ ವ್ಯಾಸದ ದಂಡ ನಿಮಿಷಕ್ಕೆ 6000 ಸುತ್ತು ತಿರುಗಿದರೆ, ಅದರ ಮೇಲ್ಮೈ ಸೆಕೆಂಡಿಗೆ ಎರಡೂವರೆ ಮೀಟರಿನಷ್ಟು ಧಾವಿಸಿ ಬಣ್ಣವನ್ನು ಬಳಿಯುವವನ ಮುಖಕ್ಕೇ ಎರಚೀತು. 300 ಸುತ್ತಿನಲ್ಲಾದರೆ ಆ ವೇಗ ಹನ್ನೆರಡೂವರೆ ಸೆಂಟಿಮೀಟರಿಗೆ ಇಳಿದು ಕುಂಚಕ್ಕೆ ನೆಮ್ಮದಿಯಾಗುವುದು. ಮೇಲಾಗಿ 230 ವೋಲ್ಟಿನ ತಂತಿಯನ್ನು ಹವ್ಯಾಸಿಯೊಬ್ಬನು ಹಲಗೆಯ ಮೇಲೆ ಬಿಚ್ಚಿ ಹರಡುವುದು ನನಗಂತೂ ಸಮ್ಮತವಲ್ಲ.

ಒಂದು ಉದ್ದನೆಯ ಹಲಗೆಯ ತುದಿಯಲ್ಲಿ ಮೋಟಾರನ್ನು ಬಿಗಿದು, ಅದರ ಕದಿರಿಗೂ ಬಾಣದ ಹಿಂತುದಿಗೂ ರಬ್ಬರಿನ ಕೊಳವೆಯ ತುಂಡೊಂದನ್ನು ತೊಡಿಸಬೇಕು. ಇಲ್ಲಿ ಲೋಹದ ಬಿಗಿಜೋಡಣೆ ಸಲ್ಲದು. ಕದಿರೂ ದಂಡವೂ ಕೂದಲೆಳೆಯಷ್ಟು ಓರೆಯಾದರೂ ಬಾಣವೆಲ್ಲ ಅದುರುವುದು, ರಬ್ಬರಾದರೋ ಆ ಓರೆಯನ್ನು ತನ್ನಲ್ಲಿಯೇ ಅಡಗಿಸಿಕೊಳ್ಳುವುದು. ದಂಡ ಒರಗಲು ಮೇಲ್ಭಾಗದಲ್ಲಿ ಕಚ್ಚು ಕೊರೆದ ಎರಡು ಮರದ ಆಧಾರಗಳು, ಕಚ್ಚಿನೊಳಗೆ ಉಣ್ಣೆಯ ಬಟ್ಟೆ. ಇಷ್ಟಾದರೆ ಯಂತ್ರ ಸಿದ್ಧ.

ಪಟ್ಟಿಗಳ ಸ್ಥಾನಗಳನ್ನು ರಟ್ಟಿನ ತುಂಡಿನ ಮೇಲೆ ಗುರುತಿಸಿ ಆಧಾರದ ಹಿಂದೆ ಅಂಟಿಸಿದರೆ, ಒಂದು ಡಜನ್ ಬಾಣಗಳಿಗೂ ಅದೇ ಅಳತೆ. ಅಗಲವಾದ ಪಟ್ಟಿಗಳನ್ನು ಮೊದಲು ಬಳಿದು, ಒಣಗಿದ ಬಳಿಕ ಅವುಗಳ ಅಂಚಿಗೆ ಕಪ್ಪಿನ ಸೂಕ್ಷ್ಮರೇಖೆ ಎಳೆದರೆ ಕೈಯ ಸಣ್ಣಪುಟ್ಟ ತಪ್ಪುಗಳೆಲ್ಲ ಮುಚ್ಚಿಹೋಗುತ್ತವೆ. ಗರಿಗಳನ್ನು ಅಂಟಿಸುವುದಕ್ಕೆ ಮೊದಲೇ ಈ ಕೆಲಸ ಮುಗಿಯಬೇಕು. ಅಂಟು, ಬಣ್ಣ, ಮೆರುಗೆಣ್ಣೆಗಳು ಪರಸ್ಪರ ಹೊಂದುವವೋ ಇಲ್ಲವೋ ಎಂಬುದನ್ನು ಮುರಿದ ಬಾಣವೊಂದರ ಮೇಲೆ ಮುಂಚಿತವಾಗಿ ಪರೀಕ್ಷಿಸತಕ್ಕದ್ದು.