ಅಪಘಾತದ ಕಾರಣ, ಗಾಯದ ಕಾರಣ

ರಸ್ತೆಯಲ್ಲಿ ಅಪಘಾತವೊಂದು ಸಂಭವಿಸಿದೊಡನೆ ನಾವು ಕೇಳುವ ಮೊದಲನೆಯ ಪ್ರಶ್ನೆ ‘ತಪ್ಪು ಯಾರದು?’ ಎಂಬುದು. ಪೊಲೀಸರ ಮಹಜರು, ನ್ಯಾಯಾಲಯದ ವಿಚಾರಣೆ, ವೃತ್ತಪತ್ರಿಕೆಯ ವರದಿ ಎಲ್ಲವೂ ಇದರ ಸುತ್ತಲೇ ತಿರುಗುತ್ತವೆ. ಪ್ರಶ್ನೆ ಅಗತ್ಯವಾದದ್ದೇ. ಆದರೆ ಇದರ ಮರೆಯಲ್ಲಿ ಇನ್ನೊಂದು ಪ್ರಶ್ನೆ ಬಹುಕಾಲ ಅಡಗಿಕೊಂಡಿತ್ತು. ಅಪಘಾತಕ್ಕೆ ಕಾರಣ ಏನೇ ಇರಲಿ, ಗಾಯಕ್ಕೆ ಕಾರಣವೇನು? ಒಂದೇ ವಾಹನದಲ್ಲಿ ಅಕ್ಕಪಕ್ಕ ಕುಳಿತಿದ್ದ ಇಬ್ಬರಲ್ಲಿ ಒಬ್ಬನು ಮೃತನಾಗಿ ಮತ್ತೊಬ್ಬನು ಧೂಳು ಕೊಡವಿಕೊಂಡು ಎದ್ದರೆ, ‘ಆಯುಸ್ಸು ಗಟ್ಟಿ’ ಎಂದು ಹೇಳಿ ನಾವು ವಿಚಾರವನ್ನು ಮುಗಿಸಿಬಿಡುತ್ತೇವೆ. ಆ ಉತ್ತರದಿಂದ ತೃಪ್ತರಾಗದ ಕೆಲವರು ವಿಶ್ವವಿದ್ಯಾನಿಲಯಗಳಲ್ಲಿ ನಡೆಸಿದ ಶೋಧನೆಯನ್ನು ಸ್ಥೂಲವಾಗಿ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹ್ಯೂ ಡಿಹೇವನ್ ಎಂಬ ಅಮೆರಿಕದ ತರುಣನು ಕೆನಡಾದಲ್ಲಿ ವಿಮಾನ ಚಾಲನೆಯನ್ನು ಕಲಿಯುತ್ತಿದ್ದನು. ಆಕಾಶದಲ್ಲಿ ಎರಡು ವಿಮಾನಗಳು ಡಿಕ್ಕಿ ಹೊಡೆದು ನೆಲಕ್ಕುರುಳಿದಾಗ ಆತನೊಬ್ಬನು ಬದುಕಿ ಉಳಿದನು. ಆದರೆ ಪಿತ್ತಜನಕಾಂಗವೇ ಮೊದಲಾದ ಉದರದ ಅಂಗಗಳು ಒಡೆದಿದ್ದುವು. ಆಸ್ಪತ್ರೆಯಲ್ಲಿ ಮಲಗಿದ್ದು ಆಲೋಚಿಸಿದಾಗ, ತನ್ನನ್ನು ಗಾಯಗೊಳಿಸಿದ್ದು ಪತನವಲ್ಲ, ಸೊಂಟದ ಪಟ್ಟಿಯ ಲೋಹದ ಕೊಂಡಿ ಎಂದು ಆತನಿಗೆ ತೋರಿತು. ಹಾಗಿದ್ದರೆ ಕೊಂಡಿಯ ಆಕಾರ ಬೇರೆಯಾಗಿದ್ದರೆ ಗಾಯವೂ ಬೇರೆಯಾಗುತ್ತಿತ್ತಲ್ಲವೆ? ಈ ಸಣ್ಣ ಸಂದೇಹ ಆತನನ್ನು ಜೀವಮಾನವೆಲ್ಲ ಬಿಡಲಿಲ್ಲ.

1942ರಲ್ಲಿ ಡಿಹೇವನ್ ಪ್ರಕಟಿಸಿದ ಪ್ರಬಂಧದ ವಿಷಯ ವಿಚಿತ್ರವಾದದ್ದು. 50ರಿಂದ 150 ಅಡಿ ಎತ್ತರದಿಂದ ಬಿದ್ದೂ ಬದುಕಿ ಉಳಿದ ಎಂಟು ಮಂದಿಯ ವೃತ್ತಾಂತಗಳನ್ನು ಆತನು ಅದರಲ್ಲಿ ವಿಶ್ಲೇಷಿಸಿದನು. ಅವರಲ್ಲಿ ಒಬ್ಬಾಕೆ 144 ಅಡಿ ಕೆಳಗೆ, ಗಾಳಿ ಸಂಚಾರಕ್ಕಾಗಿ ನಿರ್ಮಿಸಿದ್ದ ಲೋಹದ ತಗಡಿನ ಪೆಟ್ಟಿಗೆಯ ಮೇಲೆ ಬಿದ್ದಳು. ತಗಡು ಸುಮಾರು ಒಂದರಿಂದ ಒಂದೂವರೆ ಅಡಿ ಕುಗ್ಗಿತು. ಕೈಯ ಮೂಳೆಗಳು ಮುರಿದುವು, ಪ್ರಾಣ ಉಳಿಯಿತು. ಇದನ್ನು ಪವಾಡವೆಂದು ಕರೆಯಲು ಡಿಹೇವನ್ ಒಪ್ಪಲಿಲ್ಲ. ಆಕೆಯನ್ನು ಉಳಿಸಿದ್ದು ಆ ಒಂದೂವರೆ ಅಡಿ.

ಇದು ಹೇಗೆಂಬುದನ್ನು ತಿಳಿಯಲು ಪ್ರೌಢಶಾಲೆಯ ಭೌತಶಾಸ್ತ್ರವೇ ಸಾಕು. ಗಂಟೆಗೆ 50 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಸುಮಾರು 10 ಮೀಟರ್ ಎತ್ತರದಿಂದ, ಎಂದರೆ ಮೂರು ಅಂತಸ್ತಿನ ಕಟ್ಟಡದ ತಾರಸಿಯಿಂದ, ಬಿದ್ದವನು ನೆಲವನ್ನು ಮುಟ್ಟುವ ವೇಗ ಇದೇ. ಈ ವೇಗದ ದೇಹವು ಅರ್ಧ ಮೀಟರ್ ದೂರದಲ್ಲಿ ಸಮನಾಗಿ ನಿಂತರೆ ಅದರ ಮೇಲಿನ ಬಲ ದೇಹದ ತೂಕದ 20 ಪಟ್ಟು. 5 ಸೆಂಟಿಮೀಟರಿನಲ್ಲಿಯೇ ನಿಲ್ಲಬೇಕಾದರೆ ಸುಮಾರು 200 ಪಟ್ಟು. ವೇಗ ಒಂದೇ, ನಿಲ್ಲುವ ದೂರ ಮಾತ್ರ ಬೇರೆ. ಮೊದಲನೆಯದನ್ನು ಸರಿಯಾಗಿ ಆಸರೆ ಪಡೆದ ಆರೋಗ್ಯವಂತ ದೇಹ ತಾಳಬಲ್ಲದು. ಎರಡನೆಯದನ್ನು ತಾಳುವುದು ಅಪರೂಪ. ಬಲವು ದೇಹದ ಯಾವ ಭಾಗದ ಮೇಲೆ, ಎಷ್ಟು ವಿಸ್ತಾರದಲ್ಲಿ ಬೀಳುತ್ತದೆ ಎಂಬುದೂ ಮುಖ್ಯವೇ. ನಮ್ಮ ಕುಂಬಾರನು ಮಡಕೆಗಳನ್ನು ಗಾಡಿಯಲ್ಲಿ ಹೇರುವಾಗ ನಡುನಡುವೆ ಹುಲ್ಲು ಒತ್ತುವುದು ಈ ತತ್ತ್ವದ ಮೇಲೆಯೇ. ಡಿಹೇವನ್ನನೂ ಸಾಮಾನು ಕಟ್ಟುವವರ ಈ ವಿವೇಕವನ್ನೇ ನಿದರ್ಶನವಾಗಿ ತೆಗೆದುಕೊಂಡು, ಪ್ರಯಾಣಿಕನನ್ನೂ ಹಾಗೆಯೇ ಜೋಪಾನವಾಗಿ ಕಟ್ಟಬೇಕೆಂದು ವಾದಿಸಿದನು.

ಕಾರ್ನೆಲ್ ವಿಶ್ವವಿದ್ಯಾನಿಲಯದ ವೈದ್ಯಕೀಯ ಕಾಲೇಜಿನಲ್ಲಿ ಆತನ ಸಂಶೋಧನೆಗೆ ನೆಲೆ ದೊರಕಿತು. ವಿಮಾನಗಳಿಂದ ಆರಂಭವಾದ ಈ ಕಾರ್ಯವು 1950ರ ದಶಕದಲ್ಲಿ ಮೋಟಾರು ಕಾರುಗಳಿಗೆ ವಿಸ್ತರಿಸಿತು. ಅಪಘಾತದ ಕಾರಿನಿಂದ ಹೊರಕ್ಕೆ ಎಸೆಯಲ್ಪಟ್ಟವನೇ ಪುಣ್ಯವಂತನು ಎಂಬುದು ಆ ಕಾಲದ ಜನರ ನಂಬಿಕೆಯಾಗಿತ್ತು. ಪೊಲೀಸರಿಂದಲೂ ವೈದ್ಯರಿಂದಲೂ ಸಂಗ್ರಹಿಸಿದ ವಿವರಗಳು ಇದಕ್ಕೆ ನೇರ ವಿರುದ್ಧವಾದ ಸಂಗತಿಯನ್ನು ತಿಳಿಸಿದುವು: ಹೊರಕ್ಕೆ ಬಿದ್ದವರ ಸಾವಿನ ಸಂಭವ ಒಳಗೇ ಉಳಿದವರದಕ್ಕಿಂತ ಹಲವು ಪಟ್ಟು ಹೆಚ್ಚು. ಪರಿಣಾಮವಾಗಿ 1956ರ ಮಾದರಿಯ ಅಮೆರಿಕನ್ ಕಾರುಗಳಲ್ಲಿ ಬಾಗಿಲುಗಳಿಗೆ ಹೆಚ್ಚು ಬಲವಾದ ಚಿಲಕಗಳು ಬಂದುವು. 1959ರಲ್ಲಿ ವೋಲ್ವೋ ಸಂಸ್ಥೆಯ ಕಾರುಗಳಲ್ಲಿ ಮೂರು ಬಿಂದುಗಳಲ್ಲಿ ಬಿಗಿಯುವ ಪಟ್ಟಿ ಕಾಣಿಸಿಕೊಂಡಿತು. ಅದನ್ನು ರೂಪಿಸಿದ ನಿಲ್ಸ್ ಬೋಲಿನ್ ಅದಕ್ಕೆ ಮೊದಲು ವಿಮಾನದಿಂದ ಚಾಲಕನನ್ನು ಹೊರಕ್ಕೆ ಚಿಮ್ಮಿಸುವ ಆಸನಗಳನ್ನು ರಚಿಸುತ್ತಿದ್ದನೆಂಬುದು ಸ್ವಾರಸ್ಯಕರವಾದ ಸಂಗತಿ. ಈ ಪಟ್ಟಿಯು ಬಲವನ್ನು ಮೃದುವಾದ ಹೊಟ್ಟೆಯ ಮೇಲೆ ಬಿಡದೆ ಸೊಂಟದ ಮೂಳೆಗೂ ಎದೆಗೂಡಿಗೂ ಹಂಚುತ್ತದೆ. ಡಿಹೇವನ್ನನ ಕೊಂಡಿಗೆ ಉತ್ತರ ಹೀಗೆ ದೊರಕಿತು.

ನಮ್ಮ ದೇಶಕ್ಕೆ ಇನ್ನೂ ಹತ್ತಿರವಾದ ಶೋಧನೆ ಆಕ್ಸ್‌ಫರ್ಡಿನದು. ಅರೇಬಿಯದ ಲಾರೆನ್ಸ್ ಎಂದು ಪ್ರಸಿದ್ಧನಾದ ಟಿ. ಇ. ಲಾರೆನ್ಸನು 1935ರಲ್ಲಿ ಮೋಟಾರು ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಮೃತನಾದನು. ಆತನನ್ನು ನೋಡಿದ ವೈದ್ಯರಲ್ಲಿ ಒಬ್ಬರಾದ ಹ್ಯೂ ಕೇರ್ನ್ಸ್, ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಶಸ್ತ್ರವೈದ್ಯದ ಪ್ರಾಧ್ಯಾಪಕರಾಗಿದ್ದು, 1941ರಲ್ಲಿ ಶಿರಸ್ತ್ರಾಣದ ಪ್ರಯೋಜನವನ್ನು ಕುರಿತು ಪ್ರಬಂಧ ಬರೆದರು. ಅದೇ ವರ್ಷ ಬ್ರಿಟಿಷ್ ಸೈನ್ಯವು ತನ್ನ ಮೋಟಾರು ಸೈಕಲ್ ಸವಾರರಿಗೆ ಅದನ್ನು ಕಡ್ಡಾಯಗೊಳಿಸಿತು. ಆದರೆ ಬ್ರಿಟನ್ನಿನ ಸಾಮಾನ್ಯ ಸವಾರರಿಗೆ ಅದು ಕಡ್ಡಾಯವಾದದ್ದು 1973ರಲ್ಲಿ, ಕೇರ್ನ್ಸ್ ಗತಿಸಿ ಎರಡು ದಶಕಗಳಾದ ಮೇಲೆ.

ಹೆಲ್ಮೆಟ್ಟಿನ ಗಟ್ಟಿ ಚಿಪ್ಪೇ ತಲೆಯನ್ನು ಕಾಯುತ್ತದೆಂದು ಅನೇಕರು ತಿಳಿದಿದ್ದಾರೆ. ಚಿಪ್ಪು ಪೆಟ್ಟನ್ನು ಹರಡುತ್ತದೆ, ನಿಜ. ಆದರೆ ನಿಲ್ಲುವ ದೂರವನ್ನು ಒದಗಿಸುವುದು ಒಳಗಿನ ನೊರೆಯ ಪದರ, ಅದು ಕುಗ್ಗಿ ನಾಶವಾಗುವುದರ ಮೂಲಕ. ಆದುದರಿಂದ ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟ್, ಹೊರಗೆ ಬಿರುಕಿಲ್ಲದಿದ್ದರೂ, ಮುಗಿದ ವಸ್ತು. ನೊರೆಯೇ ಇಲ್ಲದ, ತಲೆಯ ಮೇಲರ್ಧವನ್ನು ಮಾತ್ರ ಮುಚ್ಚುವ ಟೋಪಿ ಪೊಲೀಸರ ಕಣ್ಣಿಗೆ ಹೆಲ್ಮೆಟ್ಟಾಗಬಹುದು, ನ್ಯೂಟನ್ನನ ನಿಯಮಗಳಿಗೆ ಆಗಲಾರದು. 1988ರ ಮೋಟಾರು ವಾಹನ ಕಾಯಿದೆಯ 129ನೆಯ ಪ್ರಕರಣವು ಪಟ್ಟಿಯಿಂದ ತಲೆಗೆ ಭದ್ರವಾಗಿ ಬಿಗಿದಿದ್ದರೆ ಮಾತ್ರ ಧರಿಸಿದಂತೆ ಎಂದು ಸ್ಪಷ್ಟಪಡಿಸುತ್ತದೆ.

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಮೃತರಾದರು. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಸುಮಾರು ಐದನೆಯ ಒಂದು ಭಾಗ ಪಾದಚಾರಿಗಳು. ಕಾರ್ನೆಲ್ಲಿನ ಸಂಶೋಧನೆಯ ಕೇಂದ್ರದಲ್ಲಿ ಇದ್ದವನು ಕಾರಿನೊಳಗೆ ಕುಳಿತವನು. ನಡೆದು ಹೋಗುವವನಿಗೆ ಪಟ್ಟಿಯೂ ಇಲ್ಲ, ಶಿರಸ್ತ್ರಾಣವೂ ಇಲ್ಲ. ಆತನಿಗೆ ನಿಲ್ಲುವ ದೂರವನ್ನು ಎದುರಿನ ವಾಹನವೇ ಒದಗಿಸಬೇಕು. ದೆಹಲಿಯ ಐ.ಐ.ಟಿ.ಯಲ್ಲಿ ಪ್ರಾಧ್ಯಾಪಕ ದಿನೇಶ್ ಮೋಹನ್ (1945–2021) ಅವರೂ ಅವರ ಸಹೋದ್ಯೋಗಿಗಳೂ ಈ ಅಂಶವನ್ನು ಕೈಗೆತ್ತಿಕೊಂಡು, ಬಸ್ಸು ಲಾರಿಗಳ ಮುಂಭಾಗದ ಆಕಾರವೂ ಗಡಸುತನವೂ ಪಾದಚಾರಿಯ ಗಾಯವನ್ನು ಹೇಗೆ ಮಾರ್ಪಡಿಸುತ್ತವೆ ಎಂಬುದನ್ನು ಪರಿಶೀಲಿಸಿದರು. ವಾಹನದ ಮೂತಿಯ ಎತ್ತರ ಎಷ್ಟಿರಬೇಕು, ಅದು ಎಷ್ಟು ಕುಗ್ಗಬೇಕು ಎಂಬುದನ್ನು ನಿಶ್ಚಯಿಸುವಾಗ, ಆ ವಾಹನವನ್ನು ಎಂದೂ ಕೊಳ್ಳದ, ಅದರಲ್ಲಿ ಎಂದೂ ಕೂರದ ವ್ಯಕ್ತಿಯ ಮೊಳಕಾಲು, ಸೊಂಟ, ತಲೆಗಳ ಅಳತೆಯೂ ಲೆಕ್ಕಕ್ಕೆ ಬರಬೇಕಾಗುತ್ತದೆ.