ನಲವತ್ತು ದಾಟಿದ ಪವರ್‌ಲಿಫ್ಟರ್‌ಗೆ ಎದುರಾಳಿ ಎಲ್ಲಿ?

ಭಾರ ಎತ್ತುವುದು ಹರೆಯದವರ ಕ್ರೀಡೆ ಎಂಬ ಭಾವನೆ ಸಾಮಾನ್ಯ. ಆದರೆ ಪವರ್‌ಲಿಫ್ಟಿಂಗ್ ಹಿರಿಯರಿಗೂ ಬಾಗಿಲು ತೆರೆದಿಟ್ಟಿದೆ. ಅಮೆರಿಕದ ಫ್ಲಾರಿಡಾದ ಎಡಿತ್ ಮರ್ವೇ-ಟ್ರೈನಾ 91ನೇ ವಯಸ್ಸಿನಲ್ಲಿ ಈ ಕ್ರೀಡೆಗೆ ಇಳಿದರು. 2019ರಲ್ಲಿ, ತಮ್ಮ 98ನೇ ವಯಸ್ಸಿನಲ್ಲಿ ಸ್ಪರ್ಧಿಸಿ ಅತಿ ಹಿರಿಯ ಮಹಿಳಾ ಸ್ಪರ್ಧಿಯಾಗಿ ಗಿನ್ನೆಸ್ ದಾಖಲೆಗೆ ಸೇರಿದರು. ಆದರೆ ಈ ಬಾಗಿಲು ದಾಟಿ ಒಳಬಂದ ಹಿರಿಯ ಹವ್ಯಾಸಿಗಳಿಗೆ ಎದುರಾಗುವ ಪ್ರಶ್ನೆಯೇ ಬೇರೆ. ತಮ್ಮೊಡನೆ ಸೆಣಸಲು ಕಣದಲ್ಲಿ ಇನ್ನೊಬ್ಬರಿದ್ದಾರೆಯೇ?

ಸ್ಪರ್ಧೆಯ ಸ್ವರೂಪ ಸರಳವಾದದ್ದು. ಸ್ಕ್ವಾಟ್, ಬೆಂಚ್ ಪ್ರೆಸ್ ಹಾಗೂ ಡೆಡ್‌ಲಿಫ್ಟ್ ಎಂಬ ಮೂರು ವಿಧದ ಎತ್ತುಗೆಗಳಿದ್ದು, ಪ್ರತಿಯೊಂದಕ್ಕೂ ಮೂರು ಅವಕಾಶಗಳಿರುತ್ತವೆ. ಮೂವರು ತೀರ್ಪುಗಾರರಲ್ಲಿ ಕನಿಷ್ಠ ಇಬ್ಬರು ಒಪ್ಪಬೇಕು. ಪ್ರತಿ ವಿಧದ ಅತ್ಯುತ್ತಮ ಭಾರವನ್ನು ಕೂಡಿಸಿ ಒಟ್ಟು ಮೊತ್ತ ನಿರ್ಧರಿಸಲಾಗುತ್ತದೆ. ಯಾವುದಾದರೂ ಒಂದರಲ್ಲಿ ಮೂರೂ ಅವಕಾಶ ವಿಫಲವಾದರೆ ಒಟ್ಟು ಮೊತ್ತವೇ ಇಲ್ಲ.

ಖಾಲಿ ಕಣದ ಲೆಕ್ಕ

1972ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಒಕ್ಕೂಟ 40 ವರ್ಷ ತುಂಬುವವರನ್ನು ಮಾಸ್ಟರ್ಸ್ ಎಂದು ಪರಿಗಣಿಸುತ್ತದೆ. ಜನ್ಮದಿನ ಲೆಕ್ಕಕ್ಕಿಲ್ಲ, 40 ತುಂಬುವ ವರ್ಷದ ಜನವರಿ 1ರಿಂದಲೇ ಅರ್ಹತೆ ದೊರೆಯುತ್ತದೆ. 40-49, 50-59, 60-69 ಹಾಗೂ 70 ಮೇಲ್ಪಟ್ಟವರು ಎಂಬ ನಾಲ್ಕು ವಯೋವರ್ಗಗಳಿವೆ. 2011ರಲ್ಲಿ ಜಾರಿಗೆ ಬಂದ ವಿಂಗಡಣೆಯಲ್ಲಿ ಪುರುಷರಿಗೆ ಎಂಟು ತೂಕ ವರ್ಗಗಳು. ಅಂದರೆ ಮಾಸ್ಟರ್ಸ್ ಪುರುಷರಿಗೇ 32 ವಿಭಾಗಗಳಾದವು. ಬಿಗಿಯುಡುಗೆಯ ಆಸರೆ ಪಡೆಯುವವರಿಗೆ ಹಾಗೂ ಪಡೆಯದ ‘ಕ್ಲಾಸಿಕ್’ ಸ್ಪರ್ಧಿಗಳಿಗೆ ಪ್ರತ್ಯೇಕ ಸ್ಪರ್ಧೆ ನಡೆಸಿದರೆ 64. ಬೆಂಚ್ ಪ್ರೆಸ್‌ ಒಂದನ್ನೇ ಬೇರೆಯಾಗಿ ನಡೆಸಿದರೆ 128.

ಐವತ್ತೋ ಅರವತ್ತೋ ಹಿರಿಯರು ಸೇರುವ ಕೂಟದಲ್ಲಿ ಇಷ್ಟೊಂದು ವಿಭಾಗಗಳಿದ್ದರೆ ಒಬ್ಬರೇ ಇರುವ ವಿಭಾಗಗಳು ಹೆಚ್ಚುವುದು ಸಹಜ. ಏಕಾಂಗಿಯಾಗಿ ಕಣಕ್ಕಿಳಿದು, ಮೂರೂ ವಿಧಗಳಲ್ಲಿ ಒಂದೊಂದು ಬಾರಿ ಯಶಸ್ವಿಯಾದರೆ ಚಿನ್ನ ಖಚಿತ. ಪದಕ ಮನೆಗೆ ಬರುತ್ತದೆ, ಆದರೆ ಗೆದ್ದದ್ದು ಯಾರನ್ನು ಎಂಬುದಕ್ಕೆ ಉತ್ತರವಿರುವುದಿಲ್ಲ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವನಿಗೆ ಈ ಗೊಂದಲವಿಲ್ಲ. ಕಲ್ಲು ಎಲ್ಲರಿಗೂ ಒಂದೇ, ಎದ್ದಿತೋ ಇಲ್ಲವೋ ಎಂಬುದಷ್ಟೇ ಮುಖ್ಯ.

ವಯಸ್ಸಿಗೆ ಗುಣಕ

ಇದಕ್ಕೆ ಇರುವ ಒಂದು ಪರಿಹಾರ ವಯೋಗುಣಕ. ಅನೇಕ ಕೂಟಗಳು ಬಳಸುವ ಮೆಕ್‌ಕಲಕ್ ಕೋಷ್ಟಕದಲ್ಲಿ 40ನೇ ವಯಸ್ಸಿಗೆ 1.000, 50ಕ್ಕೆ 1.130, 60ಕ್ಕೆ 1.340 ಎಂಬ ಗುಣಕಗಳಿವೆ. ಒಟ್ಟು 400 ಕಿಲೋ ಎತ್ತಿದ 60ರ ಸ್ಪರ್ಧಿಯ ಮೊತ್ತ ಇದರ ಪ್ರಕಾರ 536 ಆಗುತ್ತದೆ. ದೇಹತೂಕದ ವ್ಯತ್ಯಾಸ ಸರಿದೂಗಿಸುವ ಸೂತ್ರವನ್ನೂ ಇದರೊಂದಿಗೆ ಅನ್ವಯಿಸಿದರೆ ಎಲ್ಲ ಹಿರಿಯರನ್ನೂ ಒಂದೇ ಪಟ್ಟಿಯಲ್ಲಿ ಹೋಲಿಸಬಹುದು. ಆದರೆ ಇದು ಅಂದಾಜು ಮಾತ್ರ. ಮೂವತ್ತು ವರ್ಷ ಅಭ್ಯಾಸ ಮಾಡಿದವರನ್ನೂ 55ರಲ್ಲಿ ಮೊದಲ ಬಾರಿ ಬಾರ್ ಹಿಡಿದವರನ್ನೂ ಗುಣಕ ಪ್ರತ್ಯೇಕಿಸಲಾರದು.

ಇನ್ನೊಂದು ದಾರಿ ಮುಕ್ತ ವಿಭಾಗ. ಅಲ್ಲಿ ವಯಸ್ಸಿನ ಮೇಲ್ಮಿತಿ ಇಲ್ಲ. ಚಿನ್ನದ ಆಸೆ ಬಿಡಬೇಕಾದೀತು. ಆದರೆ ಇಪ್ಪತ್ತೈದರ ಯುವಕರ ನಡುವೆ ಏಳನೆಯ ಸ್ಥಾನ ಪಡೆದ ಹಿರಿಯರಿಗೆ ತಮ್ಮ ಬಲದ ನಿಜವಾದ ಅಳತೆ ದೊರೆಯುತ್ತದೆ.

ಹೆಸರಿಗೆ ಮರುಳಾಗದಿರಿ

ಈ ಕ್ರೀಡೆಗೆ ಒಂದೇ ಆಡಳಿತ ಸಂಸ್ಥೆ ಇಲ್ಲ. ಹಲವು ಒಕ್ಕೂಟಗಳು ತಮ್ಮದೇ ರಾಷ್ಟ್ರೀಯ, ವಿಶ್ವ ಪ್ರಶಸ್ತಿಗಳನ್ನು ನೀಡುತ್ತವೆ. 2021ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ತನ್ನ ಅಮೆರಿಕದ ಸದಸ್ಯ ಸಂಸ್ಥೆಯಾಗಿದ್ದ ಯುಎಸ್‌ಎ ಪವರ್‌ಲಿಫ್ಟಿಂಗ್ ಅನ್ನು ಹೊರಹಾಕಿದ ಬಳಿಕ ಅಲ್ಲಿನ ಸ್ಪರ್ಧಿಗಳೂ ಇಬ್ಭಾಗವಾದರು. ಆದ್ದರಿಂದ ಪ್ರವೇಶ ಶುಲ್ಕ ಕಟ್ಟುವ ಮುನ್ನ ಮೂರು ವಿಷಯ ವಿಚಾರಿಸುವುದು ಒಳಿತು. ಕಳೆದ ಬಾರಿ ತಮ್ಮ ವರ್ಗದಲ್ಲಿ ಎಷ್ಟು ಮಂದಿ ಇದ್ದರು? ಅರ್ಹತೆಗೆ ಕನಿಷ್ಠ ಮೊತ್ತ ನಿಗದಿಯಾಗಿದೆಯೇ? ಉದ್ದೀಪನ ಮದ್ದು ಪರೀಕ್ಷೆ ನಡೆಯುತ್ತದೆಯೇ?

ಕೊನೆಯ ಪ್ರಶ್ನೆ ಹಿರಿಯರಿಗೆ ವೈಯಕ್ತಿಕವಾಗಿಯೂ ಮುಖ್ಯ. ರಕ್ತದೊತ್ತಡಕ್ಕೆ ನೀಡುವ ಹೈಡ್ರೋಕ್ಲೋರೋಥಯಾಜೈಡ್‌ನಂತಹ ಮೂತ್ರವರ್ಧಕಗಳು ಹಾಗೂ ಮಧುಮೇಹಿಗಳು ಬಳಸುವ ಇನ್ಸುಲಿನ್ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧಿತ ಪಟ್ಟಿಯಲ್ಲಿವೆ. ಹಾಗೆಂದು ಸ್ಪರ್ಧೆಗಾಗಿ ಔಷಧ ನಿಲ್ಲಿಸುವುದು ಅಪಾಯಕಾರಿ. ವೈದ್ಯರೊಡನೆ ಚರ್ಚಿಸಿ, ದಾಖಲೆಗಳೊಂದಿಗೆ ಚಿಕಿತ್ಸಾ ವಿನಾಯಿತಿಗೆ ಅರ್ಜಿ ಸಲ್ಲಿಸಲು ಅವಕಾಶವಿದೆ.

ದೂರದ ಊರಿಗೆ ಪ್ರಯಾಣ, ವಸತಿ, ರಜೆ ಎಲ್ಲವನ್ನೂ ಹವ್ಯಾಸಿಗಳು ಸಾಮಾನ್ಯವಾಗಿ ಸ್ವಂತ ದುಡಿಮೆಯಿಂದಲೇ ಭರಿಸುತ್ತಾರೆ. ಹೀಗಿರುವಾಗ ಖಾಲಿ ವರ್ಗದ ‘ವಿಶ್ವ’ ಪದಕಕ್ಕಿಂತ, ಕಟ್ಟುನಿಟ್ಟಿನ ತೀರ್ಪುಗಾರರಿರುವ ಜಿಲ್ಲಾ ಅಥವಾ ರಾಜ್ಯ ಕೂಟದ ನಾಲ್ಕನೆಯ ಸ್ಥಾನವೇ ಹೆಚ್ಚು ಬೆಲೆಯುಳ್ಳದ್ದು. ಅಲ್ಲಿ ಮೂರನೆಯ ಸ್ಥಾನದಲ್ಲಿದ್ದವರ ಹೆಸರು ಗೊತ್ತಿರುತ್ತದೆ, ಅವರಿಗಿಂತ ಎಷ್ಟು ಕಿಲೋ ಹಿಂದಿದ್ದೇವೆ ಎಂಬುದೂ ತಿಳಿದಿರುತ್ತದೆ. ಮುಂದಿನ ವರ್ಷದ ಅಭ್ಯಾಸಕ್ಕೆ ಅಷ್ಟು ಸಾಕು.