ಮೊದಲ ಕಲ್ಲು ಸಿಕ್ಕಿದ ಮೇಲೆ

ರಾತ್ರಿ ಎರಡೂವರೆ. ಯಾವುದೋ ದೊಡ್ಡ ಸರ್ಕಾರಿ ಆಸ್ಪತ್ರೆಯ ಸಿ.ಟಿ. ಸ್ಕ್ಯಾನ್ ವಿಭಾಗ ಎಂದಿಟ್ಟುಕೊಳ್ಳಿ. ಹೊರಗೆ ಸ್ಟ್ರೆಚರ್‌ಗಳ ಸಾಲು: ಬೈಕಿನಿಂದ ಬಿದ್ದ ಹುಡುಗ, ಬಚ್ಚಲಲ್ಲಿ ಜಾರಿದ ಅಜ್ಜ, ಬಲಗೈ ಎತ್ತಲಾಗದೆ ಮಾತು ತೊದಲುತ್ತಿರುವ ಹೆಂಗಸು. ಒಳಗೆ ಎ.ಸಿ. ಚಳಿಗೆ ಶಾಲು ಹೊದ್ದು ಪರದೆಯ ಮುಂದೆ ಕೂತವಳು ಎರಡನೇ ವರ್ಷದ ಪಿಜಿ. ಕ್ಯಾಶುವಾಲ್ಟಿಯಿಂದ ಫೋನು: "ಡಾಕ್ಟ್ರೇ, ಬ್ಲೀಡ್ ಇದೆಯಾ, ಇಲ್ವಾ? ಅಷ್ಟು ಹೇಳಿ ಸಾಕು."

ಅಷ್ಟನ್ನು ಹೇಳಲು ಎಂ.ಬಿ.ಬಿ.ಎಸ್. ಮುಗಿಸಿ, ನೀಟ್ ಪಿಜಿ ದಾಟಿ, ರೇಡಿಯಾಲಜಿ ಎಂ.ಡಿ.ಗೆ ಸೇರಿ ಮೂರು ವರ್ಷ ಕಲಿಯಬೇಕು. ಆದರೆ ಎಷ್ಟೋ ಬೋಧನಾ ಆಸ್ಪತ್ರೆಗಳಲ್ಲಿ ರಾತ್ರಿಯ ಸ್ಕ್ಯಾನ್‌ಗಳನ್ನು ಮೊದಲು ನೋಡುವವರು ಆ ಮೂರು ವರ್ಷ ಇನ್ನೂ ಮುಗಿಸದವರೇ. ಹಿರಿಯರ ಸಹಿ ಬೀಳುವುದು ಬೆಳಿಗ್ಗೆ. ತಲೆಯ ಆಪರೇಷನ್ ಮಾಡಬೇಕೋ ಬೇಡವೋ ಎಂಬುದು ಬೆಳಗಾಗುವವರೆಗೆ ಕಾಯುವುದಿಲ್ಲ. ರೋಗಿಯ ಕಡೆಯವರು ಈ ವೈದ್ಯೆಯ ಮುಖವನ್ನೂ ನೋಡಿರುವುದಿಲ್ಲ.

ಆಕೆ ಕಲಿಯುವುದೇನು? ಮೊದಲು ಬೂದುಬಣ್ಣ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮೋರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಯಂತ್ರ ಮೊದಲ ಬಾರಿಗೆ ರೋಗಿಯೊಬ್ಬರ ಮೆದುಳನ್ನು ಹೋಳುಹೋಳಾಗಿ ತೋರಿಸಿತು. ಸಿ.ಟಿ. ಚಿತ್ರದ ಒಂದೊಂದು ಚುಕ್ಕೆಗೂ ಇಂದಿಗೂ ಅವರ ಹೆಸರಿನ ಅಳತೆಯೇ. ನೀರಿಗೆ ಸೊನ್ನೆ, ಗಾಳಿಗೆ ಮೈನಸ್ ಸಾವಿರ, ಮೆದುಳಿಗೆ ಮೂವತ್ತು ನಲವತ್ತು, ಆಗತಾನೆ ಹೆಪ್ಪುಗಟ್ಟಿದ ರಕ್ತಕ್ಕೆ ಅರವತ್ತರ ಆಚೀಚೆ, ಗಟ್ಟಿ ಮೂಳೆಗೆ ಸಾವಿರದ ಹತ್ತಿರ. ಇಷ್ಟು ಅಗಲದ ಅಳತೆಯನ್ನು ಒಂದೇ ಪರದೆಯಲ್ಲಿ ಹರಡಿದರೆ ನಮ್ಮ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಒಮ್ಮೆಗೆ ಹತ್ತಾರು ಬೂದುಛಾಯೆಗಳನ್ನು ಬೇರ್ಪಡಿಸಿದರೆ ಅದೇ ಹೆಚ್ಚು. ಆದ್ದರಿಂದ ಬೇಕಾದ ತುಂಡನ್ನಷ್ಟೇ ಆರಿಸಿ ಕಪ್ಪಿನಿಂದ ಬಿಳಿಯವರೆಗೆ ಹಿಗ್ಗಿಸುತ್ತಾರೆ. ಇದಕ್ಕೆ 'ವಿಂಡೋ' ಎಂದು ಹೆಸರು.

ಬಚ್ಚಲಲ್ಲಿ ಜಾರಿದ ಅಜ್ಜನ ಸ್ಕ್ಯಾನ್ ನೋಡೋಣ. ಮಾಮೂಲಿ ಮೆದುಳಿನ ವಿಂಡೋ ಸೊನ್ನೆಯಿಂದ ಎಂಬತ್ತರವರೆಗೆ. ಎಂಬತ್ತು ದಾಟಿದ್ದೆಲ್ಲ ಅಚ್ಚ ಬಿಳಿ. ತಲೆಬುರುಡೆಯ ಒಳಗೋಡೆಗೆ ಅಂಟಿಕೊಂಡು ತೆಳ್ಳಗೆ ರಕ್ತ ಹಬ್ಬಿದ್ದರೆ ಅದೂ ಹೆಚ್ಚುಕಡಿಮೆ ಬಿಳಿಯೇ. ಸುಣ್ಣದ ಗೋಡೆಯ ಮೇಲೆ ಹಾಲು ಚೆಲ್ಲಿದ ಹಾಗೆ. ವಿಂಡೋವನ್ನು ಇನ್ನೂರರಷ್ಟು ಅಗಲಿಸಿದರೆ ರಕ್ತ ಬೂದುಬಣ್ಣಕ್ಕೆ ಇಳಿಯುತ್ತದೆ, ಮೂಳೆ ಬಿಳಿಯಾಗಿಯೇ ಉಳಿಯುತ್ತದೆ, ನಡುವೆ ಗೆರೆ ಮೂಡುತ್ತದೆ. ಮೌಸ್ ಎಳೆಯಲು ಎರಡು ಸೆಕೆಂಡು ಸಾಕು. ಆದರೆ ಎಳೆಯಬೇಕೆಂದು ನಿದ್ದೆಗಣ್ಣಿನಲ್ಲೂ ಕೈಗೆ ಹೊಳೆಯಬೇಕಲ್ಲ, ಅಲ್ಲಿ ತಿಂಗಳುಗಳು ಹೋಗುತ್ತವೆ.

ಆ ಹೆಂಗಸಿನ ಸ್ಕ್ಯಾನ್‌ಗೆ ಇದರ ಉಲ್ಟಾ ಕೆಲಸ. ರಕ್ತನಾಳ ಕಟ್ಟಿಕೊಂಡು ಲಕ್ವ ಹೊಡೆದಾಗ ಮೊದಲ ಕೆಲವು ಗಂಟೆ ಸಿ.ಟಿ. ನಾರ್ಮಲ್ ಎಂದೇ ಕಾಣಬಹುದು. ಊತದಿಂದ ಆಗುವ ವ್ಯತ್ಯಾಸ ಬರೀ ಎರಡು ಮೂರು ಅಂಕಿ. ಅದನ್ನು ಹಿಡಿಯಲು ವಿಂಡೋವನ್ನು ನಲವತ್ತಕ್ಕೆ, ಇನ್ನೂ ಕೆಳಕ್ಕೆ ಕಿರಿದು ಮಾಡಬೇಕು. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಕೊಡುವ ಮುಂಚೆ ರಕ್ತಸ್ರಾವ ಇಲ್ಲವೆಂದು ಖಾತ್ರಿಯಾಗಬೇಕು. ಇಲ್ಲಿ 'ಇಲ್ಲ' ಎಂಬುದು 'ಇದೆ' ಎಂಬುದಕ್ಕಿಂತ ಭಾರವಾದ ಮಾತು.

ಇನ್ನು ಬೈಕಿನ ಹುಡುಗ. ಬಲಕಿವಿಯ ಮೇಲೆ ಬುಗುಟು. ಸ್ಕ್ಯಾನ್ ತೆರೆದೊಡನೆ ಅದರ ಕೆಳಗೇ ಮಸೂರದ ಆಕಾರದ ಬಿಳಿ ಗಡ್ಡೆ. ಬುರುಡೆ ಮತ್ತು ಮೆದುಳಿನ ಹೊರಪೊರೆಯ ನಡುವಿನ ರಕ್ತ. ಹೊಸಬರಿಗೂ ಸಿಗುತ್ತದೆ. ಅಪಾಯ ಶುರುವಾಗುವುದು ಸಿಕ್ಕ ಆ ಕ್ಷಣದಲ್ಲೇ. 'ಸಿಕ್ಕಿತು' ಎಂದೊಡನೆ ಮನಸ್ಸು ಕೆಲಸ ಮುಗಿಸಿ ಎದ್ದುಬಿಡುತ್ತದೆ. ಪೆಟ್ಟು ಬಲಕ್ಕೆ ಬಿದ್ದರೂ ಮೆದುಳು ಒಳಗೆ ತುಯ್ದು ಎಡಗಡೆಯ ಬುರುಡೆಗೆ ಬಡಿದು ಅಲ್ಲೂ ಜಜ್ಜಿಹೋಗಿರಬಹುದು. ಕತ್ತಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಇರಬಹುದು. ಒಂದು ದೋಷ ಸಿಕ್ಕಮೇಲೆ ಎರಡನೆಯದು ತಪ್ಪಿಹೋಗುವ ಈ ಚಾಳಿಯನ್ನು ರೇಡಿಯಾಲಜಿಯವರು 1960ರ ದಶಕದಿಂದ ಬಲ್ಲರು. 'ಹುಡುಕಾಟದ ತೃಪ್ತಿ' ಎಂದು ಅದಕ್ಕೊಂದು ಹೆಸರೂ ಇದೆ.

ನಮ್ಮ ಮನೆಗಳಲ್ಲಿ ಅಕ್ಕಿ ಆರಿಸುತ್ತಿದ್ದವರು ಇದನ್ನು ಯಾವ ಪಾಠವೂ ಇಲ್ಲದೆ ಬಲ್ಲವರಾಗಿದ್ದರು. ಮೊರದಲ್ಲಿ ಒಂದು ಕಲ್ಲು ಸಿಕ್ಕಿತೆಂದು ಅಜ್ಜಿ ಮೊರ ಕೆಳಗಿಡುತ್ತಿರಲಿಲ್ಲ. ಒಂದಿದ್ದ ಕಡೆ ಇನ್ನೊಂದು ಇದ್ದೀತು ಎಂದು ಅಕ್ಕಿಯನ್ನು ಮತ್ತೆ ಹರವಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬರುತ್ತಿದ್ದಳು. ಪಿಜಿಗಳಿಗೆ ಕಲಿಸುವ ಕ್ರಮವೂ ಹೀಗೆಯೇ. ತಲೆಯ ಸಿ.ಟಿ.ಗೆ ಜಗತ್ತಿನಾದ್ಯಂತ ಬಾಯಿಪಾಠ ಮಾಡಿಸುವ ಒಂದು ಸಾಲಿದೆ: 'ಬ್ಲಡ್ ಕ್ಯಾನ್ ಬಿ ವೆರಿ ಬ್ಯಾಡ್'. ಮೊದಲಕ್ಷರ ಹಿಡಿದು ಹೋದರೆ ರಕ್ತ, ಮೆದುಳಿನ ತಳದ ನೀರಿನ ಕುಳಿಗಳಾದ ಸಿಸ್ಟರ್ನ್‌ಗಳು, ಮೆದುಳು ಅಂದರೆ ಬ್ರೈನ್, ಒಳಕೋಣೆಗಳಾದ ವೆಂಟ್ರಿಕಲ್‌ಗಳು, ಕೊನೆಗೆ ಮೂಳೆ ಅಂದರೆ ಬೋನ್. ಮೊದಲ ಮೆಟ್ಟಿಲಲ್ಲೇ ಕಲ್ಲು ಸಿಕ್ಕರೂ ಐದನ್ನೂ ಇಳಿಯಬೇಕು.

ಹಿರಿಯರು ಹೀಗೆ ಮೆಟ್ಟಿಲೆಣಿಸುತ್ತಾರೆಯೇ? ಇಲ್ಲವೆಂದೇ ಅನ್ನಿಸುತ್ತದೆ. 1975ರಲ್ಲಿ ಕುಂಡೆಲ್ ಮತ್ತು ನೋಡಿನ್ ಎಂಬ ಸಂಶೋಧಕರು ಎದೆಯ ಎಕ್ಸ್‌ರೇಗಳನ್ನು ಸೆಕೆಂಡಿನ ಐದನೇ ಒಂದು ಭಾಗ ಮಾತ್ರ ತೋರಿಸಿದರು. ಕಣ್ಣು ಅತ್ತಿತ್ತ ಹೊರಳಲೂ ಸಾಲದ ಹೊತ್ತು ಅದು. ಆದರೂ ಪಳಗಿದ ರೇಡಿಯಾಲಜಿಸ್ಟ್‌ಗಳು ಸುಮಾರು ನೂರಕ್ಕೆ ಎಪ್ಪತ್ತು ದೋಷಗಳನ್ನು ಹಿಡಿದರು. ಈ ಕಣ್ಣು ಸಾವಿರಾರು ಚಿತ್ರ ನೋಡಿ ಬರುವಂಥದ್ದು. ಹಾಗೆಂದು ಅದನ್ನೇ ನಂಬಿ ಕೂರುವಂತಿಲ್ಲ. 2013ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗ ಈಗ ಮನೆಮಾತು: ಶ್ವಾಸಕೋಶದ ಸಿ.ಟಿ.ಯಲ್ಲಿ ಸಣ್ಣ ಗಂಟುಗಳನ್ನು ಹುಡುಕಿ ಎಂದು 24 ರೇಡಿಯಾಲಜಿಸ್ಟ್‌ಗಳಿಗೆ ಕೊಟ್ಟು, ಗಂಟಿಗಿಂತ 48 ಪಟ್ಟು ದೊಡ್ಡದಾದ ಗೊರಿಲ್ಲಾ ಚಿತ್ರವನ್ನು ಅದರಲ್ಲಿ ಸೇರಿಸಿದ್ದರು. ಇಪ್ಪತ್ತು ಜನ ಕಾಣಲಿಲ್ಲ. ಅವರಲ್ಲಿ ಹನ್ನೆರಡು ಮಂದಿಯ ದೃಷ್ಟಿ ನೇರ ಗೊರಿಲ್ಲಾದ ಮೇಲೇ ಬಿದ್ದಿತ್ತು! ಹುಡುಕುತ್ತಿದ್ದದ್ದು ಗಂಟು, ಗೊರಿಲ್ಲಾ ಆ ಲೆಕ್ಕದಲ್ಲಿ ಇರಲಿಲ್ಲ.

ಕಲಿಸುವ ರೀತಿಯಲ್ಲಿ ನನಗೊಂದು ತಕರಾರಿದೆ. ತರಗತಿಯಲ್ಲಿ, ಪರೀಕ್ಷೆಯಲ್ಲಿ ತೋರಿಸುವ ಫಿಲ್ಮುಗಳೆಲ್ಲ ಆಯ್ದ ಸರಕು. ಪ್ರತಿಯೊಂದರಲ್ಲೂ ಏನೋ ಒಂದು ಇದ್ದೇ ಇರುತ್ತದೆ. ರಾತ್ರಿ ಡ್ಯೂಟಿಯಲ್ಲಿ ಸಾಲು ಸಾಲಾಗಿ ಬರುವ ಎಷ್ಟೋ ಸ್ಕ್ಯಾನ್‌ಗಳಲ್ಲಿ ಏನೂ ಇರುವುದಿಲ್ಲ. ಕಾಯಿಲೆಯನ್ನಷ್ಟೇ ಕಂಡವರಿಗೆ 'ನಾರ್ಮಲ್' ಎಂದು ಬರೆಯುವುದೇ ಕಷ್ಟ. ಮಗುವಿನ ಬುರುಡೆಯ ಹೊಲಿಗೆ ಬಿರುಕಿನಂತೆ ಕಾಣುತ್ತದೆ, ಮುಪ್ಪಿನಲ್ಲಿ ಕುಗ್ಗಿದ ಮೆದುಳು ಕಾಯಿಲೆಯಂತೆ ಕಾಣುತ್ತದೆ. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದವರು ಇದಕ್ಕೆಂದೇ ಕೃತಕ ಡ್ಯೂಟಿಯೊಂದನ್ನು ರೂಪಿಸಿದ್ದಾರೆ: ಎಂಟು ಗಂಟೆ, 65 ರೋಗಿಗಳ ಪೂರ್ತಿ ಸ್ಕ್ಯಾನ್‌ಗಳು, ನಡುನಡುವೆ ನಾರ್ಮಲ್‌ಗಳೂ ಬೆರೆತಿರುತ್ತವೆ. ತಪ್ಪಿದರೆ ಯಾರ ಪ್ರಾಣವೂ ಹೋಗದ ರಾತ್ರಿ. ನಮ್ಮಲ್ಲೂ ಇದನ್ನು ಮಾಡಲು ದುಡ್ಡೇನೂ ಹೆಚ್ಚು ಬೇಡ. ಹಳೆಯ ಸ್ಕ್ಯಾನ್‌ಗಳಿಂದ ಹೆಸರು ಅಳಿಸಿ ಜೋಡಿಸುವ ತಾಳ್ಮೆ ಬೇಕು.

ಒಬ್ಬರೇ ಡ್ಯೂಟಿಗೆ ಕೂರಲು ಯಾವಾಗ ಬಿಡಬೇಕು ಎಂಬುದೂ ಮುಖ್ಯ. ಅಮೆರಿಕದಲ್ಲಿ ಕನಿಷ್ಠ 12 ತಿಂಗಳ ರೇಡಿಯಾಲಜಿ ತರಬೇತಿ ಆದ ಮೇಲೆಯೇ ಎಂಬ ನಿಯಮವಿದೆ. ನಮ್ಮ ದೇಶದಲ್ಲಿ ಪಿಜಿಗಳು ಮೂರು ತಿಂಗಳು ಜಿಲ್ಲಾಸ್ಪತ್ರೆಗಳಲ್ಲೂ ಕೆಲಸ ಮಾಡಬೇಕು. ಎಲ್ಲೇ ಕೂರಲಿ, ಅನುಮಾನ ಬಂದಾಗ ಸರ್‌ಗೋ ಮೇಡಂಗೋ ಫೋನ್ ಮಾಡಲು ಹೆದರದಂತೆ ಕಲಿಸುವುದು ವಿಂಡೋ ಬದಲಿಸಲು ಕಲಿಸುವುದಕ್ಕಿಂತ ಕಡಿಮೆಯದಲ್ಲ. ತುರ್ತಿನ ದೋಷ ಕಂಡರೆ ರಿಪೋರ್ಟ್ ಟೈಪ್ ಮಾಡುತ್ತ ಕೂರದೆ ಮೊದಲು ಸರ್ಜನ್‌ಗೆ ತಿಳಿಸಿ, ಯಾರಿಗೆ, ಎಷ್ಟು ಗಂಟೆಗೆ ಹೇಳಿದೆ ಎಂದು ಬರೆದಿಡಬೇಕು. ಬೆಳಿಗ್ಗೆ ಹಿರಿಯರು ರಾತ್ರಿಯ ಸ್ಕ್ಯಾನ್‌ಗಳನ್ನು ಮತ್ತೆ ನೋಡುತ್ತಾರೆ. ಪ್ರಕಟವಾದ ಅಧ್ಯಯನಗಳಲ್ಲಿ ಕಿರಿಯರ ಗಂಭೀರ ತಪ್ಪುಗಳು ಸಾಮಾನ್ಯವಾಗಿ ನೂರಕ್ಕೆ ಒಂದೆರಡು. ಆ ಒಂದೆರಡನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದರೆ ಕಣ್ಣು ಬಲಿಯುತ್ತದೆ; ಹತ್ತು ಜನರ ಮುಂದೆ ಬೈದರೆ ಮುಂದಿನ ಸಲ ಫೋನ್ ಮಾಡಲು ಕೈ ಹಿಂಜರಿಯುತ್ತದೆ, ಅಷ್ಟೇ.

ಕಲಿಯುವವರಿಗೂ ಕಲಿತವರಿಗೂ ಸಮನಾಗಿ ಕಾಡುವ ತೊಂದರೆ ಇನ್ನೊಂದಿದೆ: ಸ್ಕ್ಯಾನ್ ಚೀಟಿ. 'ಸಿ.ಟಿ. ಬ್ರೈನ್' ಎಂದಷ್ಟೇ ಬರೆದು ಕಳಿಸಿದರೆ ಎಲ್ಲಿ ಪೆಟ್ಟು, ಯಾವ ಕೈ, ಎಷ್ಟು ಹೊತ್ತಾಯಿತು ಒಂದೂ ತಿಳಿಯದು. ಚೀಟಿಯಲ್ಲಿಲ್ಲದ್ದನ್ನು ಹೇಳಬಲ್ಲವರು ಸ್ಟ್ರೆಚರ್ ಪಕ್ಕ ನಿಂತ ನೀವು. ರೋಗಿ ಕೊನೆಯದಾಗಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ, ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದಾರೆಯೇ ಎಂದು ಕೇಳುವ ಮುಂಚೆಯೇ ತಿಳಿಸಿ. ಮನೆಯಲ್ಲಿ ಹಳೆಯ ಸ್ಕ್ಯಾನ್ ಫಿಲ್ಮುಗಳಿದ್ದರೆ ಯಾರಿಗಾದರೂ ಹೇಳಿ ತರಿಸಿ.